ಪರದೆಯ ಕೆಳಗೆ ಉಳಿದ ಸಾಲು

ಕಣ್ಣಿನ ಉದ್ದ ಅಳೆಯುವುದು ನನ್ನ ಕೆಲಸವಾಗಿತ್ತು. ಪೊರೆ ತೆಗೆದ ಕಣ್ಣಿನೊಳಗೆ ಕೂರಿಸುವ ಲೆನ್ಸು ಎಲ್ಲರಿಗೂ ಒಂದೇ ನಂಬರಿನದಲ್ಲ. ಕಣ್ಣುಗುಡ್ಡೆ ಗಿಡ್ಡವಿದ್ದರೆ ಹೆಚ್ಚು ಪವರಿನ ಲೆನ್ಸು ಬೇಕು, ಉದ್ದವಿದ್ದರೆ ಕಡಿಮೆಯದು. ಇದನ್ನು ಆಪರೇಷನ್ನಿಗೆ ಮುಂಚೆ ಲೆಕ್ಕ ಹಾಕಿಡಬೇಕು. ಒಳಗೆ ಹೋದ ಲೆನ್ಸು ಅಂಗಡಿಯಿಂದ ತಂದ ಚಪ್ಪಲಿಯಲ್ಲ, ಅಳತೆ ಸರಿಯಿಲ್ಲವೆಂದು ಮರುದಿನ ಬದಲಿಸಿಕೊಂಡು ಬರಲು.

ಮರಾಠಿ ರಾಜ್ಯಕ್ಕೆ ಸೇರಿದ ಜತ್ತ ತಾಲೂಕಿನ ಕನ್ನಡದ ಗಡಿಹಳ್ಳಿಗಳಲ್ಲಿ ನಮ್ಮ ಟ್ರಸ್ಟಿನ ಆಸ್ಪತ್ರೆ ಶಿಬಿರ ನಡೆಸುತ್ತಿತ್ತು. ಒಂದು ದಿನ ಉಟಗಿ, ಇನ್ನೊಂದು ದಿನ ಕರಜಗಿ, ಮತ್ತೊಂದು ದಿನ ತಿಕೋಂಡಿ. ಹಳ್ಳಿಯ ಸಾಲಿಯಲ್ಲಿ, ಎಂದರೆ ಶಾಲೆಯಲ್ಲಿ, ಕಣ್ಣು ತಪಾಸಣೆ ಮಾಡಿ, ಅಳತೆ ತೆಗೆದು, ಆಪರೇಷನ್ ಬೇಕಾದವರನ್ನು ಸಂಜೆಯೇ ವ್ಯಾನಿನಲ್ಲಿ ಆಸ್ಪತ್ರೆಗೆ ಕರೆತಂದು, ಮರುದಿನ ಬೆಳಿಗ್ಗೆ ಸರ್ಜನ್ನರ ಮುಂದೆ ಮಲಗಿಸುವುದು ಕ್ರಮ. ಹಳ್ಳಿಯವರು ನನ್ನನ್ನು ಅಳತಿ ಬಾಯಾರು, ಅಳತೆಯ ಮೇಡಮ್ಮು, ಎಂದು ಕರೆಯುತ್ತಿದ್ದರು. ಆ ಹೆಸರಿನ ಮೇಲೆ ನನಗೆ ಒಳಗೊಳಗೇ ಜಂಬವಿತ್ತು, ಈಗ ಒಪ್ಪಿಕೊಳ್ಳಲು ಏನಡ್ಡಿ.

ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ನಮ್ಮ ಅಳತೆಯ ಯಂತ್ರವೆಂದರೆ ಪೆನ್ನಿನಂಥ ಒಂದು ಕಡ್ಡಿ, ಅದಕ್ಕೊಂದು ಡಬ್ಬಿ, ಡಬ್ಬಿಯಿಂದ ಹಳೆಯ ಲ್ಯಾಪ್‌ಟಾಪಿಗೆ ಒಂದು ತಂತಿ. ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಕಡ್ಡಿಯ ತುದಿಯನ್ನು ಕಪ್ಪುಗುಡ್ಡೆಗೆ ಮುಟ್ಟಿಯೂ ಮುಟ್ಟದಂತೆ ತಾಕಿಸಬೇಕು. ಸ್ವಲ್ಪ ಒತ್ತಿದರೆ ಕಣ್ಣು ಕುಗ್ಗಿ ಅಳತೆ ತಪ್ಪುತ್ತದೆ. ಐದು ಸಲ ತೆಗೆದು ಐದೂ ಹೊಂದಿದರೆ ಮಾತ್ರ ಸ್ವೀಕಾರ. ಮುಂದಿನ ಲೆಕ್ಕ ಬಾಯಲ್ಲೇ ಬರುತ್ತಿತ್ತು: ನೂರಾ ಹದಿನೆಂಟರಲ್ಲಿ ಕಣ್ಣಿನ ಉದ್ದದ ಎರಡೂವರೆ ಪಟ್ಟು ಕಳೆ, ಉಳಿದುದರಲ್ಲಿ ಕಪ್ಪುಗುಡ್ಡೆಯ ಡೊಂಕಿನ ಹತ್ತರಲ್ಲಿ ಒಂಬತ್ತು ಪಾಲು ಕಳೆ. ಇಪ್ಪತ್ಮೂರು ಮಿಲಿಮೀಟರಿನ ಸಾಧಾರಣ ಕಣ್ಣಿಗೆ ಇಪ್ಪತ್ತೊಂದರ ಆಸುಪಾಸಿನ ಲೆನ್ಸು ಬರುತ್ತದೆ. ಕಂಪ್ಯೂಟರು ಬಂದ ಮೇಲೆ ಅದೇ ಲೆಕ್ಕ ಹಾಕಿ ಕೊಡುತ್ತಿತ್ತು, ನಾನು ಬಾಯಿಲೆಕ್ಕ ಬಿಟ್ಟೆ.

ಹಳೆಯ ತಂತ್ರಾಂಶ ನೋಡಲು ಚೆಂದವಿರಲಿಲ್ಲ, ಆದರೆ ಹೇಳಿದ ಮಾತು ಕೇಳುತ್ತಿತ್ತು. ಅದರ ಕಿಟಕಿಯ ಕೆಳಗಡೆ 'ಷರಾ' ಎಂದು ಉದ್ದನೆಯ ಒಂದು ಪೆಟ್ಟಿಗೆ ಇತ್ತು. ನಾನು ಅದರಲ್ಲಿ ಎರಡು ವಿಷಯ ಬರೆಯುತ್ತಿದ್ದೆ. ಒಂದು, ರೋಗಿಯ ಹಣೆಗೆ ಅಂಟಿಸಿದ ಪಟ್ಟಿಯ ಮೇಲಿನ ನಂಬರು. ಇನ್ನೊಂದು, ಊರಮಂದಿ ಅವರನ್ನು ಕರೆಯುವ ಹೆಸರು. ಈ ಎರಡನೆಯದು ಪುಣೆಯಲ್ಲಿ ಕುಳಿತು ತಂತ್ರಾಂಶ ಬರೆಯುವವರಿಗೆ ಬೇಕಾಗುವುದಿಲ್ಲ. ನಮಗೆ ಬೇಕು. ನಮ್ಮ ಕಡೆ ಮನೆಯ ಹಿರಿಯ ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಅಜ್ಜನಿಗೆ ನಾಲ್ವರು ಗಂಡುಮಕ್ಕಳಿದ್ದರೆ ನಾಲ್ಕೂ ಮನೆಯಲ್ಲಿ ಅದೇ ಹೆಸರಿನ ಒಬ್ಬೊಬ್ಬ ಮೊಮ್ಮಗ. ತಿಕೋಂಡಿಯ ಒಂದು ಓಣಿಯಲ್ಲಿ ನಿಂತು ಬೀರಪ್ಪಾ ಎಂದು ಕೂಗಿದರೆ ನಾಲ್ಕೈದು ಬಾಗಿಲು ತೆರೆಯುತ್ತವೆ. ಹಾಗಾಗಿ ಊರು ತನ್ನದೇ ಗುರುತು ಇಟ್ಟುಕೊಂಡಿರುತ್ತದೆ: ಗಿರಣಿ ಬೀರಪ್ಪ, ಉದ್ದ ಬೀರಪ್ಪ, ಬಾವಿ ಬೀರಪ್ಪ.

ಒಂದು ದಿನ ಯಂತ್ರದ ಕಂಪನಿಯಿಂದ ಹೊಸ ಆವೃತ್ತಿಯ ಸಿಡಿ ಬಂತು. ಹಾಕಿಕೊಳ್ಳದಿದ್ದರೆ ಇನ್ನು ಮುಂದೆ ಹಳೆಯದಕ್ಕೆ ದುರಸ್ತಿ ಇಲ್ಲವೆಂದು ಕಾಗದ. ನಮ್ಮ ಟ್ರಸ್ಟಿನ ವ್ಯವಸ್ಥಾಪಕರಿಗೂ ಅದೇ ಬೇಕಾಗಿತ್ತು, ದಾನಿಗಳಿಗೆ ಕಳಿಸುವ ತಿಂಗಳ ವರದಿ ಹೊಸದರಲ್ಲಿ ಬಣ್ಣಬಣ್ಣದ ಪಟ್ಟಿಯಾಗಿ ಬರುತ್ತದಂತೆ. ನಾನು ಬೇಡವೆಂದೆ. ಲ್ಯಾಪ್‌ಟಾಪು ಹಳತು, ತಡೆಯಲಿಕ್ಕಿಲ್ಲ ಎಂದೆ.

"ನಿಮಗ ಎಲ್ಲಾ ಹಳೇದ ಚಲೋ ಕಾಣತೈತಿ ನೋಡ್ರಿ," ಎಂದು ವ್ಯವಸ್ಥಾಪಕರು ನಕ್ಕರು.

ಕಂಪನಿಯ ಇಂಜಿನಿಯರ್ ಬಂದು ಆಸ್ಪತ್ರೆಯ ಆಫೀಸಿನಲ್ಲಿ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್ ಜೋಡಿಸಿ ಹೊಸದನ್ನು ಹಾಕಿದ. ದೊಡ್ಡ ಪರದೆಯಲ್ಲಿ ಎಲ್ಲ ಸೊಗಸಾಗಿ ಕಂಡಿತು. ನಾನೂ ತಲೆಯಾಡಿಸಿ ಸಹಿ ಮಾಡಿದೆ. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ವ್ಯಾನಿನಲ್ಲಿಟ್ಟುಕೊಂಡು ತಿಕೋಂಡಿಗೆ ಹೋದೆವು.

ಸಾಲಿಯ ಕೋಣೆಯಲ್ಲಿ ಅದನ್ನು ತೆರೆದಾಗ ಗೊತ್ತಾಯಿತು: ಹೊಸ ಕಿಟಕಿ ದೊಡ್ಡ ಪರದೆಗೆಂದು ಮಾಡಿದ್ದು. ನಮ್ಮ ಸಣ್ಣ ಪರದೆಯಲ್ಲಿ ಅದರ ಕೆಳಗಿನ ಭಾಗ ಕಾಣುತ್ತಲೇ ಇರಲಿಲ್ಲ. ಷರಾ ಪೆಟ್ಟಿಗೆ ಅಲ್ಲೇ ಕೆಳಗೆ ಎಲ್ಲೋ ಇತ್ತು, ಉಳಿಸುವ ಗುಂಡಿಯೂ ಅಲ್ಲೇ. ಕಿಟಕಿಯನ್ನು ಮೇಲಕ್ಕೆ ಎಳೆಯಲು ನೋಡಿದೆ, ಬರಲಿಲ್ಲ. ಎಂಟರ್ ಒತ್ತಿದರೆ ಮಾಹಿತಿ ಉಳಿಯುತ್ತದೆ ಎಂಬುದನ್ನು ಹೇಗೋ ಕಂಡುಕೊಂಡೆ. ಮೂರನೆಯ ರೋಗಿಯ ಹೊತ್ತಿಗೆ ಯಂತ್ರ ನಿಂತೇ ಹೋಯಿತು. ಬಂದ್ ಮಾಡಿ ಮತ್ತೆ ಚಾಲೂ ಮಾಡಿದರೆ, ಒಂದು ಕಪ್ ಚಹಾ ಆರಿಸಿಕೊಂಡು ಕುಡಿದು ಮುಗಿಸುವಷ್ಟು ಹೊತ್ತು ಬೇಕು. ಹನಿ ಹಾಕಿಸಿಕೊಂಡವರ ಮರಗಟ್ಟು ಇಳಿದು ಮತ್ತೆ ಹನಿ ಹಾಕಬೇಕಾಯಿತು.

ಬಸ್ ಸ್ಟ್ಯಾಂಡಿನ ಟೆಲಿಫೋನ್ ಬೂತಿಗೆ ಓಡಿ ಇಂಜಿನಿಯರನಿಗೆ ಫೋನ್ ಮಾಡಿದೆ. ಅವನು ಮರಾಠಿಯಲ್ಲಿ ಬಹಳ ಸಭ್ಯವಾಗಿ, ನಿಮ್ಮ ಲ್ಯಾಪ್‌ಟಾಪು ಬದಲಿಸಬೇಕು ಎಂದ. ಇವತ್ತು ಬದಲಿಸಲಾಗುವುದಿಲ್ಲ, ಹಳೆಯ ಆವೃತ್ತಿಗೆ ಹಿಂದಿರುಗುವುದು ಹೇಗೆ ಹೇಳು ಎಂದೆ. ಹಿಂದಿರುಗಲು ಬರುವುದಿಲ್ಲ, ಹಳೆಯ ಮಾಹಿತಿಯನ್ನೆಲ್ಲ ಹೊಸದು ತನ್ನ ರೂಪಕ್ಕೆ ಬದಲಿಸಿಕೊಂಡಿದೆ ಎಂದ. ನನ್ನ ಕೈಯಲ್ಲಿದ್ದ ಸರಿಯಾದ ಉಪಕರಣವನ್ನು ಕಸಿದುಕೊಂಡು, ಅದರ ಜಾಗದಲ್ಲಿ ಅರ್ಧ ಕಾಣುವ ಒಂದನ್ನು ಕೊಟ್ಟು, ಇನ್ನರ್ಧ ಕಾಣದಿರುವುದು ನನ್ನ ತಪ್ಪು ಎನ್ನುತ್ತಿದ್ದ.

ಮರಳಿ ಬಂದಾಗ ಸಾಲಿಯ ಅಂಗಳದಲ್ಲಿ ಮಂದಿ ತುಂಬಿತ್ತು. ಉಟಗಿಯಿಂದ ಜೀಪಿನಲ್ಲಿ ಬಂದವರು ಬೆಳಗಿನಿಂದ ಕಾದಿದ್ದರು. ಮೊದಲೆಲ್ಲ ನಾನು ಅಳತೆಯನ್ನು ಒಂದು ನೋಟುಬುಕ್ಕಿನಲ್ಲೂ ಬರೆದುಕೊಳ್ಳುತ್ತಿದ್ದೆ. ಆ ದಿನ ಹೊತ್ತಾಯಿತೆಂದು ಬರೆಯಲಿಲ್ಲ. ಈ ಒಂದು ವಾಕ್ಯವನ್ನು ಆಮೇಲೆ ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಮಧ್ಯಾಹ್ನದ ಸುಮಾರಿಗೆ ಇಬ್ಬರು ಒಟ್ಟಿಗೆ ಬಂದರು. ಅಣ್ಣತಮ್ಮಂದಿರ ಮಕ್ಕಳು, ಇಬ್ಬರಿಗೂ ಅಜ್ಜನ ಹೆಸರು: ದಸ್ತಗೀರ. ಯಂತ್ರದಲ್ಲಿ ತಂದೆಯ ಹೆಸರಿನ ಮೊದಲ ಅಕ್ಷರವಷ್ಟೇ ಬರೆಯುತ್ತಿದ್ದೆ, ಇಬ್ಬರದೂ ಅದೂ ಒಂದೇ. ವಯಸ್ಸು ಕೇಳಿದರೆ ಇಬ್ಬರೂ ಅರವತ್ತು ಬರೆಸಿದರು, ಇಬ್ಬರದೂ ಬಲಗಣ್ಣು. ಊರಿನಲ್ಲಿ ಒಬ್ಬ ಟೇಲರ್ ದಸ್ತಗೀರ, ಇನ್ನೊಬ್ಬ ಕುರಿ ದಸ್ತಗೀರ. ಕುರಿ ದಸ್ತಗೀರ ಸಂತೆಯಿಂದ ಸಂತೆಗೆ ಕುರಿ ಕೊಂಡು ಮಾರುವವನು. ಬಾಯಿ ಅಗಲಿಸಿ ಹಲ್ಲು ನೋಡಿ ಕುರಿಯ ವಯಸ್ಸು ಹೇಳುವುದರಲ್ಲಿ ಆ ಸೀಮೆಯಲ್ಲೇ ಅವನನ್ನು ಮೀರಿಸಿದವರಿಲ್ಲ ಎಂದು ಟೇಲರ್ ಹೇಳಿದ. ಈಗ ಹಲ್ಲು ಮಸುಕಾಗಿ ಕಾಣುತ್ತಿದ್ದವು, ಅದಕ್ಕೇ ಬಂದಿದ್ದ.

ಹೆಸರು ಬರೆಸುವ ಸಾಲಿನಲ್ಲಿ ಕುರಿ ದಸ್ತಗೀರ ಮುಂದಿದ್ದ. ಅವನ ಹಣೆಗೆ ಹದಿನೇಳು, ಟೇಲರನ ಹಣೆಗೆ ಹದಿನೆಂಟು ಅಂಟಿಸಿದೆ. ಆದರೆ ಅಳತೆಯ ಕುರ್ಚಿಯ ಹತ್ತಿರ ಬಂದಾಗ ಕುರಿ ದಸ್ತಗೀರ ಹಿಂದೆ ಸರಿದು ನಿಂತ.

"ಭಾಯ್, ನೀ ಹಿರ್ಯಾಂವ. ನೀ ಮೊದಲ ಕುಂದ್ರು."

"ನಿನ್ನ ನಂಬರ ಮೊದಲ ಐತಲ್ಲೊ."

"ನಂಬರ ಇರಲಿ ಬಿಡು. ನೀ ಕುಂತ ಮ್ಯಾಲ ನಾ ಕುಂದ್ರತೀನಿ."

ನಾನು ಆಗ ಮತ್ತೆ ನಿಂತುಹೋಗಿದ್ದ ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳುತ್ತಿದ್ದೆ. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇಬ್ಬರದೂ ಅಳತೆ ತೆಗೆದು ಎಂಟರ್ ಒತ್ತಿದೆ.

ಸಂಜೆ ಆಸ್ಪತ್ರೆಯಲ್ಲಿ ಪಟ್ಟಿ ಮುದ್ರಿಸಿದೆ. ಹೊಸ ತಂತ್ರಾಂಶ ನಮ್ಮ ಹಣೆಪಟ್ಟಿಯ ನಂಬರನ್ನು ಅರಿಯದು, ತಾನೇ ಬೇರೆ ನಂಬರು ಕೊಟ್ಟಿತ್ತು. ಷರಾ ಇರಲಿಲ್ಲ. ಪೆನ್ಸಿಲಿನಿಂದ ಒಂದೊಂದು ಹೆಸರಿನ ಮುಂದೆ ಹಣೆಯ ನಂಬರು ಬರೆಯುತ್ತ ಹೋದೆ. ಬೇರೆ ಹೆಸರುಗಳಿಗೆ ತೊಂದರೆಯಾಗಲಿಲ್ಲ. ಒಂದು ಕಡೆ ಮಾತ್ರ ಒಂದರ ಕೆಳಗೊಂದು ಎರಡು ಸಾಲು, ಅಕ್ಷರ ಅಕ್ಷರವೂ ಒಂದೇ. ಮೊದಲನೆಯದಕ್ಕೆ ಒಂಬತ್ತೂವರೆ ಪವರು, ಎರಡನೆಯದಕ್ಕೆ ಇಪ್ಪತ್ತೊಂದು. ಪಟ್ಟಿ ಬಂದಿರುವುದು ಅಳತೆಯ ಕ್ರಮದಲ್ಲಿ. ಹದಿನೇಳರವನು ಮೊದಲು ಕುಳಿತಿರಬೇಕು, ಹದಿನೆಂಟರವನು ಆಮೇಲೆ ಎಂದುಕೊಂಡೆ. ಹಾಗೆಯೇ ಬರೆದೆ. ವಾರ್ಡಿಗೆ ಹೋಗಿ ಇಬ್ಬರನ್ನೂ ಒಮ್ಮೆ ಕೇಳಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ಹೆಜ್ಜೆಯ ದೂರ.

ಮರುದಿನ ಬೆಳಿಗ್ಗೆ ಆಪರೇಷನ್ ಶುರುವಾಯಿತು. ಹದಿನೇಳರವನು ನಾಲ್ಕನೆಯವನಾಗಿ ಒಳಗೆ ಹೋಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದ. ಹದಿನೆಂಟನ್ನು ಕರೆದರು. ಟೇಲರ್ ಎದ್ದು ಅಂಗಿಯ ಕಿಸೆಯಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತೆಗೆದು ನನ್ನ ಕೈಗೆ ಕೊಟ್ಟ.

"ಬಾಯಾರ, ಇದನ್ನ ಇಟಗೋರ್ರಿ. ಸಣ್ಣಾಂವ ಇದ್ದಾಗಿಂದ ಹಾಕ್ಕೋತ ಬಂದೀನಿ. ಇದಿಲ್ಲದ ನನಗ ಎದುರಿನ ಗ್ವಾಡಿನೂ ಕಾಣಂಗಿಲ್ರಿ."

ಬಿಚ್ಚಿ ನೋಡಿದೆ. ಚಸ್ಮಾ. ನಿನ್ನೆ ಅಳತೆಯ ಕುರ್ಚಿಗೆ ಬರುವ ಮುಂಚೆ ತೆಗೆದಿಟ್ಟಿದ್ದನೇನೋ, ನಾನು ಗಮನಿಸಿರಲಿಲ್ಲ. ಗಾಜಿನ ಅಂಚು ಬೆರಳು ದಪ್ಪ. ಅದರ ಮೂಲಕ ನೋಡಿದರೆ ನನ್ನ ಕೈಗೆರೆಗಳು ಸಣ್ಣಗಾಗಿ ಕಂಡವು. ಹುಟ್ಟಾ ದೂರ ಕಾಣದವನ ಚಸ್ಮಾ, ಎಂದರೆ ಉದ್ದ ಕಣ್ಣು. ಒಂಬತ್ತೂವರೆಯ ಲೆನ್ಸು ಬೇಕಾದದ್ದು ಇವನಿಗೆ. ಒಳಗೆ ತಟ್ಟೆಯಲ್ಲಿ ಇವನಿಗಾಗಿ ಇಟ್ಟಿರುವುದು ಇಪ್ಪತ್ತೊಂದು. ಹಾಗಾದರೆ ಒಂಬತ್ತೂವರೆ ಎಲ್ಲಿ ಹೋಯಿತು ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಕುರಿ ದಸ್ತಗೀರ ಮೂಲೆಯ ಕಾಟಿನ ಮೇಲೆ ಅಲುಗಾಡದೆ ಮಲಗಿದ್ದ.

ಆಪರೇಷನ್ ನಡೆಯುವಾಗ ಆ ಬಾಗಿಲು ತಟ್ಟುವಂತಿಲ್ಲ. ತಟ್ಟಿದೆ. ಕೈಗೆ ಗ್ಲೌಸು ಹಾಕಿದ್ದ ಸರ್ಜನ್ ಬಾಗಿಲಿನಾಚೆಯಿಂದಲೇ ಕೇಳಿದರು. ಹೇಳಿದೆ. ಅವರು ಬಯ್ಯಲಿಲ್ಲ. "ಉಳಿದವರನ್ನ ಎಲ್ಲಾರನೂ ಮತ್ತ ಅಳತಿ ಮಾಡು. ಕಾಗದದ ಮ್ಯಾಲ," ಎಂದರು. ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ನೋಟುಬುಕ್ಕು ತೆಗೆದು ಕುಳಿತೆ. ಕಡ್ಡಿಯಿಂದ ಬಂದ ಉದ್ದ ಬರೆದುಕೊಂಡು ಲೆಕ್ಕವನ್ನು ಕೈಯಿಂದ ಮಾಡಿದೆ. ಉಳಿದವರದೆಲ್ಲ ಸರಿಯಿತ್ತು. ಟೇಲರನ ಕಣ್ಣು ಇಪ್ಪತ್ತೇಳೂವರೆ ಮಿಲಿಮೀಟರು. ಅವನಿಗೆ ಅವನ ಲೆನ್ಸು ಸಿಕ್ಕಿತು.

ಮರುದಿನ ಕುರಿ ದಸ್ತಗೀರನ ಪಟ್ಟಿ ಬಿಚ್ಚಿದರು. ಕಣ್ಣು ಚೊಕ್ಕಟವಾಗಿತ್ತು, ಗಾಯ ಚೆನ್ನಾಗಿ ಕೂಡುತ್ತಿತ್ತು, ಆದರೆ ಎರಡು ಮಾರು ದೂರದಲ್ಲಿ ಹಿಡಿದ ಬೆರಳು ಎಣಿಸಲು ಅವನಿಗೆ ಆಗಲಿಲ್ಲ. "ಇವತ್ತ ಮಸಕ ಐತಿ, ನಾಳೆ ಬರತೈತೇನ್ರಿ?" ಎಂದು ಕೇಳಿದ. ಸರ್ಜನ್ ನನ್ನನ್ನು ಆಫೀಸಿಗೆ ಕರೆದುಕೊಂಡು ಹೋದರು.

ಆಫೀಸಿನಲ್ಲಿ ವ್ಯವಸ್ಥಾಪಕರು ದನಿ ತಗ್ಗಿಸಿ ಹೇಳಿದರು: "ಒಂದ ದಪ್ಪ ಚಸ್ಮಾ ಕೊಟ್ಟ ಕಳಸ್ರಿ. ಒಬ್ಬೊಬ್ಬರಿಗೆ ಹಂಗ ಆಗತೈತಿ ಅಂತ ಹೇಳ್ರಿ. ಅಂವಗೇನ ತಿಳಿತೈತಿ?"

ಸರ್ಜನ್ ನನ್ನ ಕಡೆ ತಿರುಗಿದರು. "ಎರಡು ದಾರಿ ಅದಾವ. ಚಸ್ಮಾ ಕೊಡಬಹುದು. ಇಲ್ಲಾಂದ್ರ ಲೆನ್ಸ್ ತಗದು ಬ್ಯಾರೆ ಹಾಕಬಹುದು, ಆದ್ರ ಅದೇ ಕಣ್ಣು ಎರಡನೇ ಸಲ ತೆರದರ ಧೋಕಾ ಜಾಸ್ತಿ, ಕೀವಾಗಿ ಕಣ್ಣ ಹೋಗಬಹುದು. ಅಳತಿ ತಗೊಂಡಾಕಿ ನೀನು. ಏನ್ ಹೇಳ್ತಿ ನೋಡು."

ನನಗೆ ಸುಮ್ಮನಿರುವುದು ಬಹಳ ಸುಲಭವಿತ್ತು. ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಆ ಪೆನ್ಸಿಲ್ ಗುರುತು ನನ್ನದು. ಕುರಿ ದಸ್ತಗೀರನ ಕಾಟಿನ ಅಂಚಿಗೆ ಕುಳಿತು ಎಲ್ಲ ಹೇಳಿಬಿಟ್ಟೆ. ಹೊಸ ತಂತ್ರಾಂಶ, ಕಾಣದ ಪೆಟ್ಟಿಗೆ, ಎರಡು ಸಾಲು, ನನ್ನ ಅಂದಾಜು, ಸರ್ಜನ್ ಹೇಳಿದ ಎರಡು ದಾರಿ.

"ಅಂದ್ರ ನಾ ಭಾಯ್‌ನ್ನ ಮೊದಲ ಕುಂದ್ರಸಿದ್ದಕ್ಕ ಹಿಂಗಾತೇನ್ರಿ?"

"ಇಲ್ರಿ ಕಾಕಾ, ನೀವು ಮಾಡಿದ್ದು ಸರಿ ಐತಿ. ನಾ ನೋಡಲಿಲ್ಲ."

ದಪ್ಪ ಗಾಜುಗಳನ್ನು ಪರೀಕ್ಷೆಯ ಚೌಕಟ್ಟಿನಲ್ಲಿ ಹಾಕಿ ಅವನ ಮೂಗಿನ ಮೇಲಿಟ್ಟೆ. ಮುಖ ಅರಳಿತು, ಕಾಣುತ್ತದೆ ಎಂದ. ನನ್ನ ಬೆರಳು ಹಿಡಿಯಿರಿ ಎಂದೆ. ಕೈ ಚಾಚಿದ, ಬೆರಳಿನ ಪಕ್ಕದ ಗಾಳಿ ಹಿಡಿದ. ಎದ್ದು ನಡೆದಾಗ ಹೊಸ್ತಿಲು ಎತ್ತರವೆಂದು ತಿಳಿದು ಕಾಲು ಮೇಲೆತ್ತಿ ಇಟ್ಟು ಮುಗ್ಗರಿಸಿದ. ಚೌಕಟ್ಟು ತೆಗೆದು ನನ್ನ ಕೈಗೆ ಕೊಟ್ಟ.

"ಇದರಾಗ ಕುರಿ ಹಲ್ಲಿಗಿ ಬೆರಳ ಹಾಕಿದ್ರ ಕಣ್ಣಿಗಿ ಹೋಗತೈತ್ರಿ. ಎರಡನೇದ್ದ ಮಾಡ್ರಿ."

ಧೋಕಾ ಏನೆಂದು ಸರ್ಜನ್ ಮೂರು ಸಲ ಬಿಡಿಸಿ ಹೇಳಿದರು. ಅವನು ಹೆಬ್ಬೆಟ್ಟು ಒತ್ತಿದ. ಲೆನ್ಸು ಬದಲಾಯಿತು. ಎರಡು ದಿನ ಅವನಿಗೆ ಬಾಗಿಲಾಚೆಯ ಬೇವಿನ ಗಿಡದ ಎಲೆ ಎಲೆಯೂ ಕಂಡಿತು. ಬಂದವರಿಗೆಲ್ಲ ಹೇಳಿದ. ನನ್ನನ್ನು ಕರೆದು, "ನಿಮ್ಮ ಕಿವ್ಯಾಗಿನ ಬೆಂಡವಾಲಿಗಿ ಕೆಂಪ ಹರಳ ಐತಿ," ಎಂದ. ಆ ಎರಡು ದಿನ ನಾನು ಸರಿಯಾದ ಕೆಲಸ ಮಾಡಿದೆ ಎಂದುಕೊಂಡು ಓಡಾಡಿದೆ.

ಮೂರನೆಯ ದಿನ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕೆಂಪಡರಿ ಒಳಗೆ ಬಿಳಿ ಕೀವು ನಿಂತಿತು. ಸರ್ಜನ್ ಕಣ್ಣಿನೊಳಕ್ಕೇ ಔಷಧ ಚುಚ್ಚಿ, ತಡ ಮಾಡದೆ ದೊಡ್ಡ ಊರಿನ ಆಸ್ಪತ್ರೆಗೆ ಕಳಿಸಿದರು. ವ್ಯಾನಿನಲ್ಲಿ ನಾನೂ ಟೇಲರೂ ಜೊತೆಗಿದ್ದೆವು. ರಸ್ತೆಯ ತಗ್ಗು ಬಂದಾಗಲೆಲ್ಲ ಕುರಿ ದಸ್ತಗೀರ ನನ್ನ ಮಣಿಕಟ್ಟು ಹಿಡಿಯುತ್ತಿದ್ದ. ಟೇಲರ್ ತನ್ನ ಹೊಸ ಕಣ್ಣಿನಿಂದ ಹೊರಗೆ ನೋಡಲಾರದೆ ತಲೆ ತಗ್ಗಿಸಿ ಕುಳಿತಿದ್ದ. ಒಂಬತ್ತು ದಿನ ಅಲ್ಲಿ ಪ್ರಯತ್ನ ಮಾಡಿದರು. ಕಣ್ಣು ಉಳಿಯಲಿಲ್ಲ.

ನಾನು ಅಂದು ಸುಮ್ಮನಿದ್ದಿದ್ದರೆ ಅವನಿಗೆ ದಪ್ಪ ಚಸ್ಮಾದ ಒಂದು ಕಣ್ಣಾದರೂ ಇರುತ್ತಿತ್ತು. ಇದನ್ನು ಯಾರೂ ನನ್ನ ಮುಖದ ಮೇಲೆ ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಕಂಪನಿಗೆ ಉದ್ದನೆಯ ಪತ್ರ ಬರೆದೆ. ಉತ್ತರ ನಾಲ್ಕು ಸಾಲಿನದು. ಹೊಸ ಆವೃತ್ತಿಗೆ ಎಷ್ಟು ದೊಡ್ಡ ಪರದೆ ಬೇಕೆಂಬುದನ್ನು ಕೈಪಿಡಿಯ ಕೊನೆಯ ಪುಟದಲ್ಲಿ ತಿಳಿಸಲಾಗಿದೆ, ದಯವಿಟ್ಟು ಗಮನಿಸಿ. ಹೋಗಿ ನೋಡಿದೆ, ಇತ್ತು. ಕೆಲವು ತಿಂಗಳಾದ ಮೇಲೆ ಕಂಪ್ಯೂಟರ್ ಕ್ಲಾಸಿನ ಮಾಸ್ತರರೊಬ್ಬರು ಆ ಲ್ಯಾಪ್‌ಟಾಪು ನೋಡಿ, ಎರಡು ಕೀಲಿ ಒಟ್ಟಿಗೆ ಒತ್ತಿ, ಬಾಣದ ಕೀಲಿಯಿಂದ ಕಿಟಕಿಯನ್ನು ಮೇಲಕ್ಕೆ ಸರಿಸಿ ತೋರಿಸಿದರು. ಅಡಗಿದ್ದ ಷರಾ ಪೆಟ್ಟಿಗೆ ಮೆಲ್ಲಗೆ ಮೇಲೆ ಬಂತು. ಖಾಲಿಯಿತ್ತು. ಅವರು ನಾನೇಕೆ ಎದ್ದು ಹೊರಗೆ ಹೋದೆನೆಂದು ತಿಳಿಯದೆ ಗಾಬರಿಯಾದರು.

ಟ್ರಸ್ಟಿನ ದಾಖಲೆಗೆ ನನ್ನ ಹೇಳಿಕೆ ಬರೆದುಕೊಟ್ಟೆ, ಪೆನ್ಸಿಲ್ ಗುರುತಿನ ಸಮೇತ. ಕೆಲಸ ಬಿಡುತ್ತೇನೆಂದೆ. ಸರ್ಜನ್ ಬಿಡಗೊಡಲಿಲ್ಲ. "ನೀ ಹೋದ್ರ ಹೊಸಬರು ಬರತಾರ. ಅವರಿಗೆ ಇದು ಗೊತ್ತಿರಂಗಿಲ್ಲ," ಎಂದರು. ಉಳಿದೆ. ನೋಟುಬುಕ್ಕಿನಲ್ಲಿ ಮೊದಲು ಬರೆಯದೆ ಯಾರ ಕಣ್ಣಿಗೂ ಕಡ್ಡಿ ತಾಕಿಸಲಿಲ್ಲ. ಆಮೇಲೆ ದೊಡ್ಡ ಪರದೆಯ ಯಂತ್ರ ಬಂತು, ಅದಕ್ಕೂ ಹೊಸ ಸಿಡಿ ಬಂತು. ಸಿಡಿ ಬಂದಾಗಲೆಲ್ಲ ನನಗೆ ಎರಡು ದಿನ ಅನ್ನ ಸೇರುತ್ತಿರಲಿಲ್ಲ.

ಮರುವರ್ಷ ತಿಕೋಂಡಿಯಲ್ಲಿ ಮತ್ತೆ ಶಿಬಿರ. ಅದೇ ಸಾಲಿ, ಅದೇ ಕೋಣೆ. ಸಾಲಿನಲ್ಲಿ ಟೇಲರ್ ದಸ್ತಗೀರ ಕಂಡ. ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ಹಿಂದೆ ಕುರಿ ದಸ್ತಗೀರ. ಉಳಿದಿದ್ದ ಎಡಗಣ್ಣಿಗೂ ಪೊರೆ ಪೂರ್ತಿ ತುಂಬಿ, ಹಗಲು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಬೇರೆ ಊರಿನ ಆಸ್ಪತ್ರೆಗೆ ಹೋಗಬಹುದಿತ್ತಲ್ಲ ಎಂದು ನಾನು ಟೇಲರನನ್ನು ಮೆಲ್ಲಗೆ ಕೇಳಿದೆ. ಉತ್ತರ ಹಿಂದಿನವನಿಂದ ಬಂತು.

"ಬ್ಯಾರೆ ಕಡಿ ತಪ್ಪ ಆದ್ರ ನನಗ ಹೇಳವರ್ಯಾರ್ರೀ ಬಾಯಾರ?"

ಈ ಸಲ ಟೇಲರನೇ ಅವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದ. ನಾನು ನೋಟುಬುಕ್ಕು ತೆರೆದೆ. ಹಣೆಯ ನಂಬರು ಬರೆದೆ, ಹೆಸರು ಬರೆದೆ, ತಂದೆಯ ಹೆಸರು ಪೂರ್ತಿ ಬರೆದೆ, ಎಡಗಣ್ಣು ಎಂದು ಬರೆದು ಅಡಿಗೆರೆ ಎಳೆದೆ. ಷರಾದ ಜಾಗಕ್ಕೆ ಬಂದಾಗ, ಕೇಳದೆ ಬರೆಯಬಾರದೆಂದು ಗಟ್ಟಿಯಾಗಿ ಓದಿದೆ: "ಕುರಿ ದಸ್ತಗೀರ. ಹೌದಲ್ರಿ ಕಾಕಾ?"

"ಅಲ್ರಿ. ಕುರಿ ಹೋದವು. ಈಗ ಊರಾಗ ಒಕ್ಕಣ್ಣ ದಸ್ತಗೀರ ಅಂತಾರ. ಅದನ್ನ ಬರೀರಿ."

ನನ್ನ ಪೆನ್ನು ಮುಂದೆ ಹೋಗಲಿಲ್ಲ. ಅವನಿಗೆ ಅದು ಕಾಣುತ್ತಿರಲಿಲ್ಲ, ಆದರೂ ತಿಳಿಯಿತೆಂದು ಕಾಣುತ್ತದೆ.

"ಬರೀರಿ ಬಾಯಾರ," ಎಂದ. "ಆ ಹೆಸರಿನಾಂವ ಊರಾಗ ನಾ ಒಬ್ಬನ ಅದೀನಿ. ಈ ಸಲ ತಪ್ಪಂಗಿಲ್ಲ."

ಬರೆದೆ. ಆಮೇಲೆ ಅವನ ತಲೆಯನ್ನು ಹಿಂದಕ್ಕೆ ಒರಗಿಸಿ, ಎಡಗಣ್ಣಿಗೆ ಹನಿ ಹಾಕಿದೆ.